ಒಂಟಿ ತೆನೆಯ ರೂಪಾಯಿ

ಹುಡುಗಿಯರ ಹಾಸ್ಟೆಲ್, ಬರ್ಧಮಾನ್
೯ ಆಗಸ್ಟ್ ೧೯೯೮

ಶ್ರೀಚರಣೇಷು ಬಾಬಾ,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಈ ತಿಂಗಳ ಪತ್ರ ಒಂದನೇ ತಾರೀಖಿಗೇ ಹಾಕಿಯಾಗಿದೆ. ತಿಂಗಳಿಗೆ ಒಂದು ಸಾಕು, ಟಂಕಸಾಲೆ ಕಾಲೊನಿಯ ಟಪಾಲೆಲ್ಲ ಗೇಟ್ ಆಫೀಸಿನವರ ಕೈ ದಾಟಿ ಬರಬೇಕು, ಅವರಿಗೆ ಸುಮ್ಮನೆ ಕೆಲಸ ಕೊಡಬೇಡ ಎಂದು ನೀನು ಹೇಳಿದ್ದು ನೆನಪಿದೆ. ಆದರೂ ಬರೆಯುತ್ತಿದ್ದೇನೆ, ಸಾರಿ. ಕಾರ್ಡಲ್ಲ ನೋಡು, ಕವರು. ಅಂಟನ್ನು ಎರಡು ಸಲ ಒತ್ತಿದ್ದೇನೆ. ಚಿಕ್ಕಪ್ಪನಂಥ ಗೇಟಿನ ಹಾಲ್ದಾರ್ ಕಾಕು ಕಾರ್ಡುಗಳನ್ನು ಊರಿಗೆಲ್ಲ ಕೇಳುವಂತೆ ಓದುತ್ತಾರೆ ಎನ್ನುವುದನ್ನು ಮರೆಯುವುದುಂಟೆ. ಹತ್ತನೇ ಕ್ಲಾಸಿನಲ್ಲಿ ನನಗೆ ಲೆಕ್ಕಕ್ಕೆ ಮೂವತ್ತೆಂಟು ಬಂದದ್ದು ನಿನಗಿಂತ ಮೊದಲು ಟಂಕಸಾಲೆಯ ಕುಲುಮೆಯವರಿಗೆ ಗೊತ್ತಾಗಿತ್ತು.

ವಿಷಯ ಏನೆಂದರೆ, ನಾನು ನಾಣ್ಯ ಸಂಗ್ರಹದ ಬಳಗಕ್ಕೆ ಸೇರಿಬಿಟ್ಟೆ. ಸೇರಬೇಕೆಂದು ಸೇರಿದ್ದಲ್ಲ, ಆನೆಸ್ಟ್ಲಿ. ಹೊಸಬರನ್ನು ಸೆಳೆಯಲು ಕಾಲೇಜಿನ ಅಂಗಳದಲ್ಲಿ ಮೇಜು ಹಾಕಿಕೊಂಡು ಕೂತಿದ್ದರು: ನಾಟಕದವರು, ಬೆಟ್ಟ ಹತ್ತುವವರು, ರಕ್ತದಾನದವರು. ಕೊನೆಯ ಮೇಜಿನಲ್ಲಿ ಇತಿಹಾಸದ ಗುಹ ಸರ್ ಒಂದು ಬಟ್ಟಲು ತುಂಬ ರೂಪಾಯಿ ನಾಣ್ಯ ಇಟ್ಟುಕೊಂಡಿದ್ದರು. "ಇದರಲ್ಲಿ ಒಂದು ಖೋಟಾ ಇದೆ. ಹುಡುಕಿದವರಿಗೆ ಆಲೂ ತುಂಬಿದ ಬಿಸಿ ಸಿಂಗಾಡಾ" ಎಂದರು. ಹುಡುಗರು ಭೂತಗನ್ನಡಿ ಹಿಡಿದು ಒದ್ದಾಡುತ್ತಿದ್ದರು. ನಾನು ಹಿಂದಿನಿಂದ ಕೈ ಚಾಚಿ, ನೀನು ಬೇಸಿಗೆ ರಜೆಗಳಲ್ಲಿ ಕಲಿಸಿದ ಹಾಗೆ, ಹೆಬ್ಬೆರಳ ಉಗುರನ್ನು ಒಂದೊಂದರ ಅಂಚಿಗೂ ಓಡಿಸುತ್ತ ಬಂದೆ. ಕಣ್ಣು ಎಲ್ಲೋ ಇತ್ತು. ಹನ್ನೊಂದನೆಯದಕ್ಕೆ ಕೈ ತಾನೇ ನಿಂತಿತು.

"ಇದು ಸರ್."

"ಎಲ್ಲಿ ಕಲಿತೆ ತಾಯಿ ಇದನ್ನ?"

"ಸುಮ್ನೆ ಸರ್."

"ಸುಮ್ನೆ ಯಾರಿಗೂ ಬರಲ್ಲ ಇದು. ಏಯ್, ಮೊದ್ಲು ಇವಳ ಹೆಸ್ರು ಬರ್ಕೊಳ್ರೋ."

ಹತ್ತು ವರ್ಷದಿಂದ ಹಾಸ್ಟೆಲುಗಳಲ್ಲೇ ಇದ್ದೇನೆ ಬಾಬಾ. ಯಾರೂ ನನ್ನ ಹೆಸರನ್ನು ಮೊದಲು ಬರೆದದ್ದಿಲ್ಲ. ಫಾರಂನಲ್ಲಿ ತಂದೆಯ ಉದ್ಯೋಗ ಎನ್ನುವ ಕಡೆ 'ಸರ್ಕಾರಿ ಕೆಲಸ' ಎಂದು ತುಂಬಿದೆ. ಸುಳ್ಳಲ್ಲ ತಾನೆ?

ರೂಮಿಗೆ ಬಂದ ಮೇಲೆ ನಿನ್ನ ಸಹಿ ನೆನಪಾಯಿತು. ಪ್ರತಿ ಜನವರಿಯಲ್ಲಿ ನೀನು ಟಂಕಸಾಲೆಯ ಒಂದು ಕಾಗದಕ್ಕೆ ಸಹಿ ಹಾಕುತ್ತೀಯಲ್ಲ, ನನ್ನ ಮನೆಯಲ್ಲಿ ಯಾರೂ ನಾಣ್ಯ ಸಂಗ್ರಹಿಸುವುದಿಲ್ಲ, ಮಾರುವುದಿಲ್ಲ ಎಂದು. ಹಾಸ್ಟೆಲಿನಲ್ಲಿರುವ ನಾನು ಮನೆಯವಳ ಲೆಕ್ಕಕ್ಕೆ ಬರುತ್ತೇನೋ ಇಲ್ಲವೋ? ಬರೀ ಹೋಗಿ ಕೂತು ಬಂದರೂ ತಪ್ಪೇ? ನೀನು ಬಿಡು ಎಂದರೆ ಬಿಡುತ್ತೇನೆ. ಇನ್ನೊಂದು ವಿಷಯವೂ ಇತ್ತು. ಅದು ಆಮೇಲೆ.

ಇತಿ, ಪ್ರಣಾಮಗಳೊಡನೆ,
ಟುಕು

*

ಟಂಕಸಾಲೆ ಕಾಲೊನಿ
೧೮ ಆಗಸ್ಟ್ ೧೯೯೮

ಕಲ್ಯಾಣೀಯಾಸು ಟುಕು,

ಪತ್ರ ತಲುಪಿತು. ಅರ್ಧ ಬಂಗಾಳಿ, ಅರ್ಧ ಇಂಗ್ಲಿಷು. ನಿನ್ನ ಅಮ್ಮ ತೀರಿಹೋದ ವರ್ಷ ನಿನ್ನನ್ನು ಕಾನ್ವೆಂಟ್ ಸಿಸ್ಟರುಗಳ ಹಾಸ್ಟೆಲಿಗೆ ಹಾಕಿದವನು ನಾನೇ, ಇನ್ನು ಯಾರನ್ನು ಬೈಯಲಿ. ನಿರಾಪದನಿಗೂ ಓದಿ ಹೇಳಿದೆ. ಇಪ್ಪತ್ತೆರಡು ವರ್ಷದಿಂದ ಒಂದೇ ಮೇಜಿನಲ್ಲಿ ಎದುರುಬದುರು ಕೂತು ನಾಣ್ಯ ಪರೀಕ್ಷಿಸುವ ನಮ್ಮಿಬ್ಬರಲ್ಲಿ ಮುಚ್ಚಿಡಲು ಏನಿದೆ. "ಬೆಸ್ತರ ಹುಡುಗಿ ಮೀನು ಸಾಕ್ತೀನಿ ಅಂದ ಹಾಗಾಯ್ತು ದಾದಾ" ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ಬೇಡ ಅಂತ ಬರಿ" ಎಂದ.

ನಮ್ಮಲ್ಲಿ ಎರಡು ಬಾಗಿಲು. ನೀನು ನೋಡಿರುವುದು ಹಿಂದಿನದು. ಮುಂದಿನ ಬಾಗಿಲಲ್ಲಿ ಮಾರಾಟದ ಕೌಂಟರ್ ಇದೆ: ಫ್ಯಾನು, ಕುರ್ಚಿ, ಗಾಜಿನ ಲೋಟದಲ್ಲಿ ನೀರು. ಹವ್ಯಾಸದವರು ಅಲ್ಲಿಂದ ಮಖಮಲ್ಲಿನ ಡಬ್ಬಿಯಲ್ಲಿ ಕನ್ನಡಿಯಂಥ ನಾಣ್ಯ ಒಯ್ಯುತ್ತಾರೆ. ಅವರು ಟಂಕಸಾಲೆಯ ನೆಂಟರು. ಹಿಂದಿನ ಬಾಗಿಲಲ್ಲಿ ನಾವು ಜೇಬು ಹೊರಗೆಳೆದು, ಚಪ್ಪಲಿ ಬಿಚ್ಚಿ, ಬಾಯಿ ತೆರೆದು ತೋರಿಸಿ ಮನೆಗೆ ಹೋಗುತ್ತೇವೆ. ನನ್ನ ಜೇಬು ಚಿಲ್ಲರೆ ಕಾಣದೆ ಇಪ್ಪತ್ತಾರು ವರ್ಷವಾಯಿತು. ಬಸ್ಸಿನ ಕಂಡಕ್ಟರ್ ಈಗಲೂ, "ರೂಪಾಯಿ ಅಚ್ಚು ಹಾಕೋರು ಇವ್ರು, ಟಿಕೆಟ್ಟಿಗೆ ಚಿಲ್ರೆ ಮಾತ್ರ ಇಲ್ಲ" ಎಂದು ಎಲ್ಲರೆದುರು ಹಂಗಿಸುತ್ತಾನೆ. ಮುಂದಿನ ಬಾಗಿಲಿನವನ ಕೈಯಲ್ಲಿ ನಾಣ್ಯವಿದ್ದರೆ ಅವನು ಹವ್ಯಾಸಿ. ಹಿಂದಿನ ಬಾಗಿಲಿನವನ ಕೈಯಲ್ಲಿದ್ದರೆ ಕಳ್ಳ. ನಾಣ್ಯ ಅದೇ.

ನೀನು ಹಿಂದಿನ ಬಾಗಿಲಿನ ಮಗಳು. ಬಳಗ ಬಿಟ್ಟುಬಿಡು. ನಾನು ಕಲಿಸಿದ ಪಾಠದಲ್ಲಿದ್ದದ್ದು ಎರಡೇ ಮಾತು: ನೋಡು, ಬಿಡು. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಂತಿದೆ.

ಸಿಂಗಾಡಾ ಕೊಟ್ಟರೋ ಇಲ್ಲವೋ ಬರೆದಿಲ್ಲ.

ಆಶೀರ್ವಾದಗಳು,
ಬಾಬಾ

*

ಬರ್ಧಮಾನ್
೧೬ ಸೆಪ್ಟೆಂಬರ್ ೧೯೯೮

ಶ್ರೀಚರಣೇಷು ಬಾಬಾ,

ಸಿಂಗಾಡಾ ಕೊಟ್ಟರು. ಬಳಗ ಬಿಡಲಿಲ್ಲ. ಸಾರಿ. ಬಿಡುತ್ತೇನೆಂದು ಹೇಳಲು ಮೂರು ಸಲ ಗುಹ ಸರ್ ಕೋಣೆಯ ಬಾಗಿಲವರೆಗೆ ಹೋದೆ. ಮೂರು ಸಲವೂ ಅವರು "ಬಾ ಬಾ, ಇದನ್ನ ಸ್ವಲ್ಪ ಮುಟ್ಟಿ ಹೇಳು" ಎಂದು ಏನಾದರೊಂದು ಕೈಗೆ ಕೊಟ್ಟರು.

ಇನ್ನೊಂದು ವಿಷಯ ಎಂದಿದ್ದೆನಲ್ಲ, ಅದನ್ನು ಈಗ ಹೇಳದೆ ದಾರಿಯಿಲ್ಲ. ಇಲ್ಲೂ ಚಿಲ್ಲರೆಗೆ ಬರ. ಕ್ಯಾಂಟೀನಿನ ಬಿಶುದಾ ಬಿಸ್ಕತ್ತಿನ ಡಬ್ಬಿಯಲ್ಲಿ ನಾಣ್ಯ ಕೂಡಿಟ್ಟಿರುತ್ತಾರೆ. ವಾರಕ್ಕೊಮ್ಮೆ ಅದನ್ನು ಬೇರೆ ಬೇರೆ ಮಾಡಿಕೊಟ್ಟರೆ ನನಗೆ ಒಂದು ಚಹಾ ಬಿಟ್ಟಿ. ಜುಲೈ ಕೊನೆಯಲ್ಲಿ ಒಂದು ರೂಪಾಯಿಯ ಅಂಚಿನಲ್ಲಿ ಉಗುರು ಜಾರಿತು. ನೋಡಿದರೆ ಅಚ್ಚು ಪಕ್ಕಕ್ಕೆ ಬಿದ್ದಿದೆ. ಒಂದು ಕಡೆ ಏನೂ ಇಲ್ಲದ ಬೋಳು ಅರ್ಧಚಂದ್ರ. ಒಂದು ಎನ್ನುವ ಅಂಕಿ ಅಂಚಿಗೆ ಒರಗಿ ನಿಂತಿದೆ. ಅದರ ಎಡಬಲದ ಎರಡು ತೆನೆಗಳಲ್ಲಿ ಒಂದೇ ಉಳಿದಿದೆ. ನೀನು ದಿನವೂ ಬುಟ್ಟಿಗೆ ಎಸೆಯುವಂಥದ್ದು; ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಬಿಶುದಾಗೆ ಬೇರೆ ರೂಪಾಯಿ ಕೊಟ್ಟು ಇದನ್ನು ಇಟ್ಟುಕೊಂಡೆ. ನೋಡಿದೆ, ಬಿಡಲಿಲ್ಲ.

ಮೊನ್ನೆ ಭಾನುವಾರ ಬಳಗದ ಪ್ರದರ್ಶನ. ಗುಹ ಸರ್ ಅದನ್ನು ಗಾಜಿನಡಿ ಇಟ್ಟು ನನ್ನ ಹೆಸರು ಬರೆದ ಚೀಟಿ ನಿಲ್ಲಿಸಿದರು. ಮುಖ್ಯ ಅತಿಥಿ ಯಾರೆಂದು ನನಗೆ ಬೆಳಿಗ್ಗೆಯವರೆಗೆ ಗೊತ್ತಿರಲಿಲ್ಲ. ನಿಮ್ಮ ಟಂಕಸಾಲೆಯ ಮಾರಾಟ ವಿಭಾಗದ ಬಾಗ್ಚಿ ಸಾಹೇಬರು. ನೀಲಿ ಡಬ್ಬಿಗಳ ಒಂದು ಅಂಗಡಿಯನ್ನೇ ಜೊತೆಗೆ ತಂದಿದ್ದರು. ನಾಣ್ಯ ಸಂಗ್ರಹ ರಾಜರ ಹವ್ಯಾಸ, ಈಗ ಪ್ರಜೆಗಳ ಹವ್ಯಾಸ, ಟಂಕಸಾಲೆ ನಿಮ್ಮ ಮನೆ ಎಂದುಕೊಳ್ಳಿ ಎಂದು ಭಾಷಣ ಮಾಡಿದರು. ಚೆನ್ನಾಗಿಯೇ ಮಾತಾಡಿದರು. ಆಮೇಲೆ ಒಂದೊಂದೇ ಮೇಜು ನೋಡುತ್ತ ನನ್ನ ಹತ್ತಿರ ಬಂದರು.

"ಇದನ್ಯಾಕಮ್ಮ ಇಟ್ಟಿದೀಯ ಇಲ್ಲಿ?"

"ಸಿಕ್ತು ಸರ್. ಕ್ಯಾಂಟೀನಲ್ಲಿ."

"ಕ್ಯಾಂಟೀನಲ್ಲಿ ಸೀದ ರೊಟ್ಟಿ ಸಿಕ್ಕಿದ್ರೆ ಅದಕ್ಕೂ ಗಾಜು ಹಾಕಿಸ್ತೀಯಾ?"

ಗುಹ ಸರ್ ನಗುತ್ತ, "ಏನ್ಮಾಡೋದು ಸ್ವಾಮಿ, ಹವ್ಯಾಸದವರಿಗೆ ಸೀದ ರೊಟ್ಟೀನೇ ರುಚಿ" ಎಂದರು.

"ಅದೇ ಕಾಯಿಲೆ ನಿಮ್ದು. ನಾವು ಆರು ತಿಂಗಳು ಉಜ್ಜಿ ಉಜ್ಜಿ ಕೊಟ್ಟಿದ್ದನ್ನ ಒಂದು ಸಲ ನೋಡಿ ಬೀರುವಿಗೆ ಹಾಕ್ತೀರಿ. ಕೈತಪ್ಪಿ ಆಗಿದ್ದನ್ನ ಭೂತಗನ್ನಡಿ ಹಿಡ್ಕೊಂಡು ಪೂಜೆ ಮಾಡ್ತೀರಿ. ಇದು ಹವ್ಯಾಸ ಅಲ್ಲ ಪ್ರೊಫೆಸರ್ರೇ, ಬೇರೆಯವ್ರ ಮನೆ ಕಸ ಕೆದಕೋದು."

ಹಾಗೆನ್ನುತ್ತಲೇ ಅವರೂ ಭೂತಗನ್ನಡಿ ತೆಗೆದರು. ನಾಣ್ಯ ತಿರುಗಿಸಿ ಸಿಂಹದ ಕಡೆ ಬಹಳ ಹೊತ್ತು ನೋಡಿದರು. ಆಮೇಲೆ ದನಿ ಬದಲಾಯಿತು. "ಎರಡು ವರ್ಷದಿಂದ ಒಳಗಿನವರು ಯಾರೋ ಇಂಥವನ್ನ ಹೊರಗೆ ಸಾಗಿಸಿ ಮಾರ್ತಿದಾರೆ. ಇದು ನನ್ನ ಹತ್ರ ಇರ್ಲಿ." ರಸೀದಿ ಬರೆದುಕೊಟ್ಟರು. ಹೆಸರು ಕೇಳಿದರು. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು.

ನಾನು ಒಂದು ಉತ್ತರ ಹೇಳಿದೆ. ಏನು ಹೇಳಿದೆ ಎಂದು ಈಗ ಬರೆಯಲಾರೆ. ನಿನ್ನ ಹೆಸರು ಹೇಳಲಿಲ್ಲ, ಅಷ್ಟು ತಿಳಿದುಕೋ.

ದುರ್ಗಾ ಪೂಜೆಗೆ ಬರಲಾ? ನಿನ್ನ ಒಂದು ಸಾಲು ಬಂದರೂ ಸಾಕು.

ಇತಿ,
ಟುಕು

*

ಟಂಕಸಾಲೆ ಕಾಲೊನಿ
೫ ಅಕ್ಟೋಬರ್ ೧೯೯೮

ಕಲ್ಯಾಣೀಯಾಸು ಟುಕು,

ವಿಜಯಾದಶಮಿಯ ಆಶೀರ್ವಾದ. ಬರಬೇಡ ಎಂದು ತಂತಿ ಕೊಟ್ಟದ್ದಕ್ಕೆ ಮುನಿಸಿಕೊಳ್ಳಬೇಡ. ಕಾಲೊನಿಯಲ್ಲಿ ಈ ಸಲ ಪೂಜೆ ಪೂಜೆಯಂತೆ ಇರಲಿಲ್ಲ.

ಪಂಚಮಿಯ ದಿನ ನಿರಾಪದನನ್ನು ಮೇಲಿನ ಆಫೀಸಿಗೆ ಕರೆಸಿದರು. ಆ ನಾಣ್ಯ ಹೊರಟ ದಿನದ ಚೀಲಗಳ ಚೀಟಿಯಲ್ಲಿ ಅವನ ಸಹಿಯಿದೆಯಂತೆ. ನಾವಿಬ್ಬರೂ ಸರದಿಯಲ್ಲಿ ಸಹಿ ಹಾಕುವವರು. ಆ ದಿನ ಅವನದು. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದಿದ್ದಾರೆ. ಕಳವಿನ ಮಾತು ಹೊರಟಿದೆ. ನೋಡಲು ಹೋದೆ. "ಇಪ್ಪತ್ತೆರಡು ವರ್ಷ ಕೆಟ್ಟದ್ದನ್ನ ಹೆಕ್ಕಿ ಬುಟ್ಟಿಗೆ ಹಾಕ್ದೆ ದಾದಾ. ಈಗ ನನ್ನನ್ನೇ ಹೆಕ್ಕಿ ಹಾಕಿದಾರೆ" ಎಂದ. ಅವನು ನಕ್ಕ, ನನಗಾಗಲಿಲ್ಲ. ದಶಮಿಯ ದಿನ ಅವನ ಹೆಂಡತಿ ಎಂದಿನಂತೆ ತೆಂಗಿನಕಾಯಿ ಉಂಡೆ ತಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಮೇಲಿಟ್ಟು ಹೋದಳು.

ನಿನ್ನ ತಪ್ಪಿಲ್ಲ. ಅದನ್ನು ಮೊದಲು ತಲೆಯಿಂದ ತೆಗೆ.

ಒಂದು ಮಾತು ಕೇಳುತ್ತೇನೆ, ಸುಮ್ಮನೆ. ಉಳಿದಿದ್ದ ತೆನೆ ಎಡದ್ದೋ ಬಲದ್ದೋ? ನಾಣ್ಯ ಯಾವ ವರ್ಷದ್ದು? ಸವೆದಿತ್ತೋ, ಹೊಸದರಂತಿತ್ತೋ?

ಉಂಡೆ ನಾನು ಮುಟ್ಟಿಲ್ಲ. ಇರುವೆ ಹತ್ತಿವೆ.

ಬಾಬಾ

*

ಬರ್ಧಮಾನ್
೧೪ ಅಕ್ಟೋಬರ್ ೧೯೯೮

ಶ್ರೀಚರಣೇಷು ಬಾಬಾ,

ಬಲಗಡೆಯ ತೆನೆ. ೧೯೯೫. ತುಂಬ ಸವೆದಿತ್ತು, ಸಿಂಹದ ಮೂಗೇ ಇರಲಿಲ್ಲ.

ನೀನು ಸುಮ್ಮನೆ ಏನನ್ನೂ ಕೇಳುವವನಲ್ಲ. ಆದ್ದರಿಂದ ನಾನೂ ಒಂದು ಕೇಳುತ್ತೇನೆ. ಬಾಗ್ಚಿ ಸಾಹೇಬರು ಗುಹ ಸರ್‌ಗೆ ಪತ್ರ ಬರೆದಿದ್ದಾರೆ. ಸಿಂಹದ ಕಾಲ ಕೆಳಗೆ ಕೂದಲೆಳೆಯಷ್ಟು ಉಬ್ಬಿದ ಗೆರೆ ಇದೆಯಂತೆ, ಅಚ್ಚು ಬಿರುಕು ಬಿಟ್ಟದ್ದರ ಗುರುತು. ಆ ಅಚ್ಚನ್ನು ಹಾಕಿದ ದಿನವೇ ತೆಗೆದರಂತೆ. ಒಂದೇ ದಿನ ಕೆಲಸ ಮಾಡಿದ್ದು: ೨೩ ನವೆಂಬರ್ ೧೯೯೫. ಸರ್ ನನಗೆ ಓದಲು ಕೊಟ್ಟರು. ನಾನು ತಾರೀಖನ್ನು ಮತ್ತೆ ಮತ್ತೆ ಓದಿದೆ. ಅದು ನನಗೆ ಹದಿನೈದು ತುಂಬಿದ ದಿನ ಬಾಬಾ. ಸೀತಾಳೆ ಸಿಡುಬು ಬಂದು ಸಿಕ್ ರೂಮಿನಲ್ಲಿ ಒಬ್ಬಳೇ ಇದ್ದೆ. ನೀನು ಬರುತ್ತೇನೆಂದವನು ಬರಲಿಲ್ಲ, ರಜೆ ಸಿಗಲಿಲ್ಲ ಎಂದು ಬರೆದೆ. ಆ ದಿನ ಏನಾಯಿತು?

ಅದೇ ಪತ್ರದಲ್ಲಿ, ಈ ಹುಡುಗಿಯ ಪೂರ್ತಿ ವಿವರ ವಿಚಾರಿಸಿ ತಿಳಿಸಿ ಎಂದೂ ಇದೆ. ಸರ್ ಇನ್ನೂ ವಿಚಾರಿಸಿಲ್ಲ. ನನ್ನ ಮುಖ ನೋಡಿ ಪತ್ರ ಮಡಿಸಿಟ್ಟರು.

ಈಗ ನನ್ನ ಸರದಿ. ಅಪ್ಪ ಏನು ಮಾಡುತ್ತಾರೆ ಎಂದು ಸಾಹೇಬರು ಕೇಳಿದಾಗ ನಾನು 'ಇಲ್ಲ' ಎಂದೆ. ಅಪ್ಪ ಇಲ್ಲ ಎಂದೆ. ಅಮ್ಮ ಇಲ್ಲ, ಅಮ್ಮ ಇಲ್ಲ ಎಂದು ಪ್ರತಿ ಹಾಸ್ಟೆಲಿನಲ್ಲೂ ಹೇಳಿ ಅಭ್ಯಾಸವಾದ ನಾಲಿಗೆ, ತಡವರಿಸಲೇ ಇಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಸೀದ ರೊಟ್ಟಿಯ ಮಾತಿಗೆ ಬೇಜಾರಾಯಿತೇನಮ್ಮ ಎಂದರು. ಹೋಗುವಾಗ ಒಂದು ನೀಲಿ ಡಬ್ಬಿ ಕೊಟ್ಟರು, ದುಡ್ಡು ಬೇಡ ಎಂದರು. ಒಳಗಿನ ನಾಣ್ಯದಲ್ಲಿ ನನ್ನ ಮುಖ ಕಾಣುತ್ತದೆ. ಡಬ್ಬಿಯನ್ನು ತೆರೆಯಲಾರೆ, ಎಸೆಯಲಾರೆ. ಟ್ರಂಕಿನ ಅಡಿಯಲ್ಲಿದೆ. ನಾನು ಮಲಗುವುದು ಅದರ ಮೇಲೆಯೇ ಎನ್ನಿಸುತ್ತದೆ.

ಮುಂದಿನ ತಿಂಗಳು ಫೀಸಿನ ರಿಯಾಯಿತಿ ಫಾರಂ ಬರುತ್ತದೆ, ಟಂಕಸಾಲೆಯ ಕಲ್ಯಾಣ ನಿಧಿಯದು. ತಂದೆಯ ಸಹಿ ಬೇಕು. ಇಲ್ಲದ ಅಪ್ಪ ಸಹಿ ಹಾಕುವುದು ಹೇಗೆ ಬಾಬಾ? ಎತ್ತ ತಿರುಗಿದರೂ ಗೋಡೆ.

ಬಾಯಿ ತೊಳೆದುಕೊಂಡೆ, ಕಾಳಿಗೆ ಒಂದು ದಾಸವಾಳ ಇಟ್ಟೆ. ಆದರೂ ಆಡಿದ ಮಾತು ಹೋಗಲಿಲ್ಲ.

ಇತಿ,
ನಿನ್ನ ಟುಕು

*

೨೭ ಅಕ್ಟೋಬರ್ ೧೯೯೮

ಟುಕು,

ಇದನ್ನು ಕಾಲೊನಿಯ ಡಬ್ಬಿಗೆ ಹಾಕದೆ ರೈಲ್ವೆ ಸ್ಟೇಷನ್ನಿನಲ್ಲಿ ಹಾಕುತ್ತಿದ್ದೇನೆ. ಓದಿ ಒಲೆಗೆ ಹಾಕು.

ನನ್ನ ಎಡಕ್ಕೆ ಬುಟ್ಟಿ, ಬಲಕ್ಕೆ ಚೀಲದ ಬಾಯಿ. ಕೆಟ್ಟದ್ದು ಬುಟ್ಟಿಗೆ, ಅಲ್ಲಿಂದ ಕುಲುಮೆಗೆ. ಒಳ್ಳೆಯದು ಚೀಲಕ್ಕೆ, ಅಲ್ಲಿಂದ ದೇಶಕ್ಕೆ. ಇಪ್ಪತ್ತಾರು ವರ್ಷದಿಂದ ಕೈ ಇಷ್ಟೇ ಮಾಡಿದೆ. ನೀನು ಹಾಸ್ಟೆಲಿಗೆ ಹೋದ ಮೊದಲ ನವೆಂಬರಿನಲ್ಲಿ, ೨೩ರಂದು, ಕೈಗೆ ಒಂದು ಬಂತು. ಅಂಚು ಟೋಪಿಯ ಹಾಗೆ ಮಡಚಿಕೊಂಡಿತ್ತು. ಚೆಂದವಿತ್ತು. ಮನೆಗೆ ತರುವಂತಿಲ್ಲ, ಅದು ಕಳವು. ನಿನಗೆ ಕಳಿಸಲು ನನ್ನ ಹತ್ತಿರ ಬೇರೇನೂ ಇರಲಿಲ್ಲ. ಪಾಯಸ ಮಾಡಲು ಬರುವವಳೂ ಇರಲಿಲ್ಲ. ಕೈ ಬಲಕ್ಕೆ ಹೋಯಿತು. ಇದೊಂದು ಕರಗದಿರಲಿ, ಯಾರ ಕೈಗಾದರೂ ಸಿಗಲಿ, ಯಾರಾದರೂ ಒಂದು ಗಳಿಗೆ ನಿಂತು ನೋಡಲಿ ಎಂದುಕೊಂಡೆ.

ಆಮೇಲೆ ಪ್ರತಿ ವರ್ಷ ಅದೇ ದಿನ ಒಂದು. ಒಂದೇ. ಒಂದರಲ್ಲಿ ಸಿಂಹಕ್ಕೆ ಎರಡೆರಡು ಮುಖ. ಒಂದು ಪೂರಾ ಬೋಳು, ಮಗುವಿನ ಕೆನ್ನೆಯಂತೆ. ಹದಿನೈದನೆಯ ಹುಟ್ಟುಹಬ್ಬಕ್ಕೆ ಒಂಟಿ ತೆನೆ. ಹತ್ತೂ ಕಣ್ಣ ಮುಂದಿವೆ. ಜನವರಿಯಲ್ಲಿ ನಾನು ಹಾಕಿದ ಸಹಿ ಒಂದು ವರ್ಷವೂ ಸುಳ್ಳಲ್ಲ. ನನ್ನ ಮನೆಯಲ್ಲಿ ಒಂದು ನಾಣ್ಯವೂ ಇಲ್ಲ. ನನ್ನ ಸಂಗ್ರಹವೆಲ್ಲ ಊರೂರಿನ ಜೇಬುಗಳಲ್ಲಿದೆ. ಅದರಲ್ಲಿ ಒಂದು ನಿನ್ನ ಉಗುರಿಗೇ ತಗಲುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಈಗ ನೋಡು. ನಾನು ನಿಜ ಹೇಳಿದರೆ, ಅಪ್ಪ ಒಳಗಿನಿಂದ ಬಿಟ್ಟ, ಮಗಳು ಹೊರಗೆ ಹಿಡಿದಳು. ನೀನು ನಿಜ ಹೇಳಿದರೆ, ಕ್ಯಾಂಟೀನಿನಲ್ಲಿ ಸಿಕ್ಕಿತು, ಅದೂ ಪರೀಕ್ಷಕನ ಮಗಳಿಗೇ ಸಿಕ್ಕಿತು. ಬೇರೆ ಬೇರೆ ಇದ್ದರೆ ಎರಡೂ ನಿಜ. ಒಟ್ಟಿಗೆ ಇಟ್ಟರೆ ಒಂದು ಕಳ್ಳತನ. ಮೇಲೆ ನೀನು ಅಪ್ಪ ಇಲ್ಲ ಎಂದಿದ್ದೀಯ. ಏನೂ ಇಲ್ಲದವಳು ಅಪ್ಪನನ್ನು ಯಾಕೆ ಮುಚ್ಚಿಟ್ಟಳು ಎನ್ನುತ್ತಾರೆ.

ನವೆಂಬರ್ ೧೬, ಸೋಮವಾರ ವಿಚಾರಣೆ. ನಿರಾಪದ ಕೂರುವ ಕುರ್ಚಿ ನನ್ನದು. ಬೇಕೆಂದೇ ಬಿಟ್ಟವನು ನಾನು ಎಂದು ಹೇಳಿ ಅವನನ್ನು ಎಬ್ಬಿಸುತ್ತೇನೆ. ಕೆಲಸ, ಕ್ವಾರ್ಟರ್ಸು ಹೋದರೆ ಹೋಗಲಿ. ನಿನ್ನ ಹೆಸರು ಅದರಲ್ಲಿ ಬೆರೆಯಬಾರದು. ಮುಂದಿನ ಬಾಗಿಲಿನವರಿಗೆ ಹಿಂದಿನ ಬಾಗಿಲಿನವರ ಮಕ್ಕಳ ಗುರುತಿಲ್ಲ. ಹಾಲ್ದಾರ್‌ಗೆ ಗೊತ್ತು, ಆದರೆ ಇನ್ನೂ ಬಾಯಿ ಬಿಟ್ಟಿಲ್ಲ.

ಆದ್ದರಿಂದ ನೀನು ಬಾಗ್ಚಿ ಸಾಹೇಬರಿಗೆ ಹೇಳಿದ ಮಾತು ಹಾಗೇ ಇರಲಿ. ನಾನು ಇಲ್ಲ. ಫಾರಂ ಕಳಿಸಬೇಡ, ಫೀಸಿಗೆ ನಿನ್ನ ಮಾಮನಿಗೆ ಬರೆಯುತ್ತೇನೆ. ನನಗೆ ಇನ್ನು ಬರೆಯಬೇಡ. ಬರ್ಧಮಾನಿನ ಮುದ್ರೆಯ ಒಂದು ಕಾಗದವೂ ಈ ಗೇಟಿಗೆ ಬರಬಾರದು.

ದಾಸವಾಳ ಇಟ್ಟೆಯಲ್ಲ, ಸಾಕು. ನನಗೆ ಕೋಪವಿಲ್ಲ.

ಬಾಬಾ

*

ಅಂಚೆ ಕಾರ್ಡು
ಬರ್ಧಮಾನ್
೮ ನವೆಂಬರ್ ೧೯೯೮

ಶ್ರೀ ಹರಾಧನ್ ಕರ್ಮಕಾರ್, ನಾಣ್ಯ ಪರೀಕ್ಷಕರು, ಟಂಕಸಾಲೆ ಕಾಲೊನಿ

ಶ್ರೀಚರಣೇಷು ಬಾಬಾ,

ವಿಜಯಾದಶಮಿಯ ಪತ್ರವಾದ ಮೇಲೆ ನಿನ್ನದು ಬಂದೇ ಇಲ್ಲ, ಆರೋಗ್ಯ ತಾನೆ? ಹಾಲ್ದಾರ್ ಕಾಕುಗೆ ನನ್ನ ಪ್ರಣಾಮ. ಅಕ್ಷರ ಇರುವೆಯಷ್ಟಾಗಿದೆ, ಕನ್ನಡಕ ಹಾಕಿಕೊಂಡು ನಿಧಾನವಾಗಿ, ಗಟ್ಟಿಯಾಗಿಯೇ ಓದಲಿ. ನಿರಾಪದ ಕಾಕುಗೂ ಕೇಳಿಸಲಿ.

ಒಂಟಿ ತೆನೆಯ ರೂಪಾಯಿ ಸಿಕ್ಕಿದ್ದು ನನಗೆ. ನಿನ್ನೆ ಗುಹ ಸರ್ ಮತ್ತು ಕ್ಯಾಂಟೀನಿನ ಬಿಶುದಾ ಜೊತೆ ಹೋಗಿ ಬಾಗ್ಚಿ ಸಾಹೇಬರನ್ನು ಕಂಡೆ. ನನಗೆ ಅಪ್ಪ ಇದ್ದಾನೆ, ನಿಮ್ಮಲ್ಲೇ ಹಿಂದಿನ ಬಾಗಿಲಿನಲ್ಲಿ ಇದ್ದಾನೆ, ಹೆದರಿ ಸುಳ್ಳು ಹೇಳಿದೆ ಎಂದೆ. ನೀಲಿ ಡಬ್ಬಿ ಮೇಜಿನ ಮೇಲಿಟ್ಟೆ. ನಾಣ್ಯವನ್ನು ಒಮ್ಮೆ ತೋರಿಸಿ ಎಂದು ಕೇಳಿ, ಮುಟ್ಟಿ ತೋರಿಸಿದೆ. ಕದ್ದು ಸಾಗಿಸಿದ ನಾಣ್ಯ ಡಬ್ಬಿಯಿಂದ ಡಬ್ಬಿಗೆ ಹೋಗುತ್ತದೆ, ಸವೆಯುವುದಿಲ್ಲ. ಇದರ ಸಿಂಹಕ್ಕೆ ಮೂಗಿಲ್ಲ. ಮೂರು ವರ್ಷ ಮೀನಂಗಡಿ, ರಿಕ್ಷಾ, ಬಸ್ಸು ಸುತ್ತಿದೆ. ಅಂದರೆ ಚೀಲದಲ್ಲೇ, ಸೀಲಿನೊಳಗೇ, ನೇರ ದಾರಿಯಲ್ಲೇ ಹೊರಗೆ ಹೋಗಿದೆ. ನಿರಾಪದ ಕಾಕು ಏನನ್ನೂ ಕದ್ದಿಲ್ಲ. ಲಕ್ಷಕ್ಕೊಂದು ಯಾರ ಕೈಯೂ ತಪ್ಪುತ್ತದೆ. ಸಾಹೇಬರು, "ಇದನ್ನ ಬರೆದು ಕೊಡ್ತೀಯಾ?" ಎಂದರು. ಬರೆದು ಸಹಿ ಹಾಕಿ ಕೊಟ್ಟೆ, ಸುತಪಾ ಕರ್ಮಕಾರ್, ತಂದೆ ಹರಾಧನ್ ಕರ್ಮಕಾರ್. ಅವರು ಕಾಗದವನ್ನು ಫೈಲಿಗೆ ಹಾಕಿಕೊಂಡರು. ನಾನು ಹೊರಡುವಾಗ ಈ ಸಲ ತಲೆಯ ಮೇಲೆ ಕೈಯಿಡಲಿಲ್ಲ.

ಸಾಹೇಬರು ಹೇಳಿದ ೧೬ರ ವಿಚಾರಣೆಗೆ ನನ್ನನ್ನೂ ಕರೆದರೆ ಬರುತ್ತೇನೆ. ಕರೆಯದಿದ್ದರೆ ೨೩ಕ್ಕೆ ಬರುತ್ತೇನೆ. ಹುಟ್ಟುಹಬ್ಬಕ್ಕೆ ಈ ಸಲ ಏನನ್ನೂ ಕಳಿಸಬೇಡ ಬಾಬಾ. ಹಾಲು, ಬೆಲ್ಲ ತಂದಿಡು, ಪಾಯಸ ನಾನೇ ಮಾಡುತ್ತೇನೆ.

ಈ ಕಾರ್ಡು ತಲುಪುತ್ತದೋ ಇಲ್ಲವೋ, ನೀನು ಸೋಮವಾರ ಏನು ಹೇಳುತ್ತೀಯ, ತಿಳಿಯದೆ ಕೂತಿದ್ದೇನೆ. ಬೇಗ ಉತ್ತರ ಬರೆ.

ಇತಿ,
ನಿನ್ನ ಮಗಳು
ಟುಕು